ಟರಾಂಟುಲಾ ಸಾಕುವ ಕ್ರಮ: ಪೊರೆ ಕಳಚುವ ಚಕ್ರ ಮತ್ತು ಪ್ರೌಢಾವಸ್ಥೆಯ ಸಮಗ್ರ ಮಾರ್ಗದರ್ಶಿ

ಹೊಸದಾಗಿ ಟರಾಂಟುಲಾ ಸಾಕಲು ಆರಂಭಿಸಿದವರ ಆತಂಕಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಜೇಡ ತಿಂಗಳಿಂದ ಆಹಾರ ಮುಟ್ಟಿಲ್ಲ, ಬಿಲದ ಬಾಯಿಯನ್ನು ಮಣ್ಣಿನಿಂದ ಮುಚ್ಚಿಕೊಂಡಿದೆ, ಮೈಬಣ್ಣ ಮಾಸಿದೆ, ಬೆಳಿಗ್ಗೆ ಎದ್ದು ನೋಡಿದರೆ ಕಾಲುಗಳನ್ನು ಮೇಲೆ ಮಾಡಿ ಅಂಗಾತ ಬಿದ್ದಿದೆ. ಇವುಗಳಲ್ಲಿ ಬಹುಪಾಲು ರೋಗದ ಲಕ್ಷಣಗಳಲ್ಲ, ಪೊರೆ ಕಳಚುವ ಚಕ್ರದ ಬೇರೆ ಬೇರೆ ಹಂತಗಳು. ಟರಾಂಟುಲಾದ ಬೆಳವಣಿಗೆ, ಗಾಯ ಮಾಯುವುದು, ಕಳೆದುಹೋದ ಕಾಲು ಮತ್ತೆ ಬರುವುದು, ಗಂಡು ಪ್ರೌಢವಾಗುವುದು, ಇವೆಲ್ಲವೂ ನಡೆಯುವುದು ಪೊರೆ ಕಳಚುವಾಗಲೇ. ಆದ್ದರಿಂದ ಅದರ ವಯಸ್ಸನ್ನು ವರ್ಷಗಳಿಗಿಂತ ಕಳಚಿದ ಪೊರೆಗಳ ಲೆಕ್ಕದಲ್ಲಿ ನೋಡುವುದು ಸರಿಯಾದ ಕ್ರಮ. ಮನೆ, ನೀರು, ಆಹಾರಗಳನ್ನು ಈ ಚಕ್ರಕ್ಕೆ ಹೊಂದಿಸಿಕೊಂಡು, ಕೈಹಾಕಬಾರದ ಹೊತ್ತಿನಲ್ಲಿ ಕೈಹಾಕದೆ ಇರುವುದೇ ಸಾಕುವವರ ಮುಖ್ಯ ಕೆಲಸವೆಂದು ನಾನು ದೃಢವಾಗಿ ನಂಬಿದ್ದೇನೆ. ಇಲ್ಲಿ ಮುಖ್ಯ ಉದಾಹರಣೆಯಾಗಿ ಮೆಕ್ಸಿಕೋದ ಕೆಂಪು ಮೊಣಕಾಲಿನ ಟರಾಂಟುಲಾವನ್ನು, ಅಂದರೆ ಬ್ರಾಕಿಪೆಲ್ಮಾ ಹಮೋರಿಯನ್ನು ತೆಗೆದುಕೊಂಡಿದ್ದೇನೆ.

ತರುವ ಮೊದಲು ತಿಳಿಯಬೇಕಾದದ್ದು

ಟರಾಂಟುಲಾಗಳೆಲ್ಲ ಥೆರಾಫೋಸಿಡೇ ಎಂಬ ಕುಟುಂಬಕ್ಕೆ ಸೇರಿದವು. ಇದರಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಸಾಕುವವರು ಇವನ್ನು ಎರಡು ಪಂಗಡಗಳಾಗಿ ನೋಡುತ್ತಾರೆ. ಅಮೆರಿಕ ಖಂಡಗಳ ಹೆಚ್ಚಿನ ಜಾತಿಗಳಿಗೆ ಹೊಟ್ಟೆಯ ಮೇಲೆ ತುರಿಕೆ ರೋಮಗಳಿರುತ್ತವೆ. ಬೆದರಿದಾಗ ಹಿಂಗಾಲಿನಿಂದ ಅವನ್ನು ಕೆರೆದು ಗಾಳಿಗೆ ತೂರುತ್ತವೆ, ಕಚ್ಚುವುದು ಕಡಿಮೆ, ಚಲನೆ ನಿಧಾನ. ಏಷ್ಯಾ ಮತ್ತು ಆಫ್ರಿಕಾದ ಜಾತಿಗಳಿಗೆ ಈ ರೋಮಗಳಿಲ್ಲ. ಅವು ಮಿಂಚಿನ ವೇಗದಲ್ಲಿ ಓಡುತ್ತವೆ, ಕಚ್ಚಲು ಹಿಂಜರಿಯುವುದಿಲ್ಲ, ವಿಷವೂ ಹೆಚ್ಚು ತೀಕ್ಷ್ಣ. ಪೊಯಿಸಿಲೊಥೇರಿಯಾ ಕುಲದ ಜೇಡಗಳು ಕಚ್ಚಿದರೆ ದಿನಗಟ್ಟಲೆ ಸ್ನಾಯುಸೆಳೆತ ಕಾಡಬಹುದು. ಹೀಗಾಗಿ ಮೊದಲ ಬಾರಿ ಸಾಕುವವರಿಗೆ ಅಮೆರಿಕದ ನೆಲವಾಸಿ ಜಾತಿಗಳೇ ಸೂಕ್ತ: ಕೆಂಪು ಮೊಣಕಾಲಿನದು, ಗುಂಗುರು ರೋಮದ ಟ್ಲಿಲ್ಟೊಕಾಟ್ಲ್ ಅಲ್ಬೊಪಿಲೋಸಸ್, ಚಿಲಿ ದೇಶದ ಗ್ರಾಮೊಸ್ಟೋಲಾ ಜಾತಿಗಳು.

ಕೆಂಪು ಮೊಣಕಾಲಿನ ಜೇಡ ಮೆಕ್ಸಿಕೋದ ಪೆಸಿಫಿಕ್ ಕರಾವಳಿಯ ಹಾಲಿಸ್ಕೊ, ಕೊಲಿಮಾ, ಮಿಚೊಆಕಾನ್ ರಾಜ್ಯಗಳದ್ದು. ದಶಕಗಳ ಕಾಲ ಇದನ್ನು ಬ್ರಾಕಿಪೆಲ್ಮಾ ಸ್ಮಿತಿ ಎಂಬ ಇನ್ನೊಂದು ಜಾತಿಯ ಹೆಸರಿನಲ್ಲೇ ಮಾರಲಾಗುತ್ತಿತ್ತು; 2017ರ ಪರಿಷ್ಕರಣೆಯ ನಂತರವೇ ಎರಡರ ನಡುವಿನ ಗೊಂದಲ ಬಗೆಹರಿಯಿತು. ಹಳೆಯ ಮಾರಾಟಗಾರರು ಇಂದಿಗೂ ಹಳೆಯ ಹೆಸರನ್ನೇ ಹೇಳುವುದರಿಂದ ಖರೀದಿಸುವಾಗ ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಕಾನೂನಿನ ವಿಷಯದಲ್ಲಿ ಸಡಿಲಿಕೆ ಬೇಡ. ಬ್ರಾಕಿಪೆಲ್ಮಾ ಕುಲವು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೆಯ ಅನುಬಂಧದಲ್ಲಿದೆ. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಸೈಟಿಸ್ ಪಟ್ಟಿಯ ಜೀವಿಗಳಿಗಾಗಿ ನಾಲ್ಕನೆಯ ಅನುಸೂಚಿಯನ್ನು ಸೇರಿಸಿದೆ; 2024ರ ನಿಯಮಗಳ ಪ್ರಕಾರ ಅಂಥ ಜೀವಿಗಳನ್ನು ಇಟ್ಟುಕೊಂಡವರು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕಾಗದಪತ್ರ ಕೊಡದ ಮಾರಾಟಗಾರನಿಂದ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಜೇಡ ಕೊಳ್ಳಬಾರದು. ಸಂದೇಹವಿದ್ದರೆ ಕೊಳ್ಳುವ ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಬೇಕು.

ನಮ್ಮ ಕಾಡಿನ ಜೇಡಗಳ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಪಶ್ಚಿಮಘಟ್ಟದ ಮರದ ಪೊಟರೆಗಳಲ್ಲಿ ವಾಸಿಸುವ, ಇಂಗ್ಲಿಷ್‌ನಲ್ಲಿ ಮೈಸೂರಿನ ಹೆಸರನ್ನೇ ಹೊತ್ತಿರುವ ಪೊಯಿಸಿಲೊಥೇರಿಯಾ ಸ್ಟ್ರಯಾಟಾ, ಮಲೆನಾಡಿನ ರಸ್ತೆಬದಿಯ ಮಣ್ಣಿನ ಗೋಡೆಗಳಲ್ಲಿ ಬಿಲ ಮಾಡಿಕೊಳ್ಳುವ ಥ್ರಿಗ್ಮೊಪೀಯಸ್ ಜಾತಿಗಳು, ನೆರೆಯ ಆಂಧ್ರದ ನೀಲಿ ಮೈಯ ಪೊಯಿಸಿಲೊಥೇರಿಯಾ ಮೆಟಾಲಿಕಾ ಇವೆಲ್ಲ ನೋಡಲು ಬಹಳ ಸುಂದರವಾಗಿವೆ. ಮೆಟಾಲಿಕಾವನ್ನು 1899ರಲ್ಲಿ ಗುತ್ತಿ ಊರಿನ ಮಾದರಿಯಿಂದ ವರ್ಣಿಸಲಾಯಿತು. ಮುಂದಿನ ನೂರು ವರ್ಷ ಅದು ವಿಜ್ಞಾನಿಗಳ ಕಣ್ಣಿಗೆ ಬೀಳಲೇ ಇಲ್ಲ, 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಇಂದು ಅದು ಅಳಿವಿನ ತೀವ್ರ ಅಪಾಯದಲ್ಲಿದೆ. ಇಡೀ ಪೊಯಿಸಿಲೊಥೇರಿಯಾ ಕುಲ 2019ರಿಂದ ಸೈಟಿಸ್ ಪಟ್ಟಿಯಲ್ಲಿದೆ. ಕಾಡಿನಿಂದ ಒಂದೇ ಒಂದು ಹೆಣ್ಣನ್ನು ಹಿಡಿದು ತಂದರೂ ಮುಂದಿನ ಹಲವು ವರ್ಷಗಳ ಮರಿಗಳನ್ನು ಆ ಕಾಡಿನಿಂದ ಕಿತ್ತುಕೊಂಡಂತೆ. ಇವನ್ನು ಅವು ಇರುವಲ್ಲೇ ನೋಡಿ ಸಂತೋಷಪಡಬೇಕು.

ಕೊಳ್ಳುವಾಗ ಮೂರು ವಿಷಯ ಕೇಳಿ ಬರೆದುಕೊಳ್ಳಿ: ಜಾತಿಯ ಪೂರ್ಣ ವೈಜ್ಞಾನಿಕ ಹೆಸರು, ಕೊನೆಯ ಬಾರಿ ಪೊರೆ ಕಳಚಿದ ದಿನಾಂಕ, ಹೆಣ್ಣೋ ಗಂಡೋ ಎಂಬುದು ಮತ್ತು ಅದನ್ನು ಯಾವ ಆಧಾರದ ಮೇಲೆ ಹೇಳುತ್ತಿದ್ದಾರೆ ಎಂಬುದು. ಇದರಲ್ಲಿ ಕೊನೆಯದು ಬಹಳ ಮುಖ್ಯ. ಈ ಜಾತಿಯ ಹೆಣ್ಣು 25ರಿಂದ 30 ವರ್ಷ ಬದುಕಬಹುದು. ಗಂಡು ಪ್ರೌಢವಾದ ನಂತರ ಬದುಕುವುದು ಕೆಲವು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷ. ದೊಡ್ಡದಾಗಿ ಬೆಳೆದು ಹೊಳೆಯುವ ಗಂಡನ್ನು ಉತ್ಸಾಹದಿಂದ ತಂದವರಿಗೆ ಅದು ಆಗಲೇ ತನ್ನ ಆಯಸ್ಸಿನ ಕೊನೆಯ ಘಟ್ಟದಲ್ಲಿತ್ತು ಎಂದು ತಿಳಿಯುವುದು ತಡವಾಗಿ.

ಪೆಟ್ಟಿಗೆ ಸಿದ್ಧಪಡಿಸುವುದು

ಟರಾಂಟುಲಾದ ಅಳತೆ ಎಂದರೆ ಮುಂಗಾಲಿನ ತುದಿಯಿಂದ ಎದುರು ಬದಿಯ ಹಿಂಗಾಲಿನ ತುದಿಯವರೆಗಿನ ಉದ್ದ. ಬೆಳೆದ ಕೆಂಪು ಮೊಣಕಾಲಿನ ಜೇಡ ಸುಮಾರು 14 ಸೆಂಟಿಮೀಟರ್ ಇರುತ್ತದೆ. ಪೆಟ್ಟಿಗೆಯ ಉದ್ದ ಈ ಅಳತೆಯ ಎರಡೂವರೆಯಿಂದ ಮೂರರಷ್ಟು, ಅಗಲ ಎರಡರಷ್ಟು ಇದ್ದರೆ ಸಾಕು. ಅಂದರೆ ಸುಮಾರು 40 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ. ಎತ್ತರದಲ್ಲಿ ಮಾತ್ರ ಕಟ್ಟುನಿಟ್ಟಾಗಿರಬೇಕು. ನೆಲವಾಸಿ ಜೇಡದ ಹೊಟ್ಟೆ ತೆಳು ಚರ್ಮದ, ದ್ರವ ತುಂಬಿದ ಭಾಗವಾಗಿದ್ದು, ಒಂದಡಿ ಎತ್ತರದಿಂದ ಬಿದ್ದರೂ ಒಡೆದು ಸಾಯಬಹುದು. ಮಣ್ಣಿನ ಮೇಲ್ಮೈಯಿಂದ ಮುಚ್ಚಳದವರೆಗಿನ ಅಂತರ ಜೇಡದ ಅಳತೆಯ ಒಂದೂವರೆ ಪಟ್ಟು ಮೀರದಂತೆ, ಪೆಟ್ಟಿಗೆಯನ್ನು ಮಣ್ಣಿನಿಂದಲೇ ತುಂಬಿಸಿ ಎತ್ತರ ಕಡಿಮೆ ಮಾಡಬೇಕು.

ಮಣ್ಣಿಗೆ ನಮ್ಮಲ್ಲಿ ಎಲ್ಲೆಡೆ ಸಿಗುವ ಕೋಕೋಪೀಟ್ ಅತ್ಯುತ್ತಮ. ಇಟ್ಟಿಗೆಯಂತೆ ಒತ್ತಿ ಮಾರುವ ಕೋಕೋಪೀಟನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಒಂದೆರಡು ದಿನ ಬಿಸಿಲಿಗೆ ಹರಡಿ ಒಣಗಿಸಿ, ಗೊಬ್ಬರ ಮತ್ತು ಕೀಟನಾಶಕ ಸೋಂಕದ ಕೆಂಪು ಮಣ್ಣನ್ನು ಮೂರನೇ ಒಂದು ಭಾಗ ಸೇರಿಸಿದರೆ ಬಿಲ ಕುಸಿಯದಷ್ಟು ಗಟ್ಟಿಯಾಗುತ್ತದೆ. ನರ್ಸರಿಯಲ್ಲಿ ಸಿಗುವ, ಗೊಬ್ಬರ ಬೆರೆಸಿದ ಮಿಶ್ರಣ ಬೇಡ. ಬೆಳೆದ ಜೇಡಕ್ಕೆ 10ರಿಂದ 12 ಸೆಂಟಿಮೀಟರ್ ಆಳ ಕೊಟ್ಟು, ಕೈಯಿಂದ ಒತ್ತಿ ಬಿಗಿ ಮಾಡಿ. ಅಡಗಲು ಮರದ ತೊಗಟೆಯ ತುಂಡನ್ನೋ ಅರ್ಧ ತೆಂಗಿನ ಕರಟವನ್ನೋ ಮಣ್ಣಿನಲ್ಲಿ ಅರ್ಧ ಹೂತಿಡಿ. ಅಗಲವಾದ, ಆಳವಿಲ್ಲದ ನೀರಿನ ತಟ್ಟೆ ಯಾವಾಗಲೂ ಇರಲೇಬೇಕು. ಹತ್ತಿ ಅಥವಾ ಸ್ಪಂಜನ್ನು ನೀರಿನಲ್ಲಿ ನೆನೆಸಿಡುವ ಹಳೆಯ ಅಭ್ಯಾಸದಿಂದ ಕೊಳೆ ಬೆಳೆಯುತ್ತದೆಯೇ ಹೊರತು ಜೇಡಕ್ಕೆ ಉಪಯೋಗವಿಲ್ಲ.

ಗಾಳಿಗಾಗಿ ಪೆಟ್ಟಿಗೆಯ ಎದುರುಬದುರಿನ ಗೋಡೆಗಳಲ್ಲಿ ಸಣ್ಣ ತೂತುಗಳಿರಬೇಕು. ತಂತಿ ಜಾಲರಿಯ ಮುಚ್ಚಳ ಬೇಡ, ಅದರ ಕಣ್ಣುಗಳಲ್ಲಿ ಪಾದದ ಉಗುರುಗಳು ಸಿಕ್ಕಿಕೊಂಡು ಕಾಲು ಮುರಿಯುತ್ತದೆ. ದೀಪ ಬೇಕಿಲ್ಲ, ಇದು ರಾತ್ರಿ ಸಂಚಾರಿ. 20ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇದಕ್ಕೆ ಹಿತಕರವಾದ್ದರಿಂದ ಬೆಂಗಳೂರು, ಮೈಸೂರುಗಳ ಮನೆಯೊಳಗೆ ಹೀಟರ್ ಅಗತ್ಯವೇ ಬೀಳುವುದಿಲ್ಲ. ಚಳಿಗಾಲದಲ್ಲಿ ಊಟ ಮತ್ತು ಓಡಾಟ ತಗ್ಗುವುದು ಸಹಜ. ರಾಯಚೂರು, ಕಲಬುರಗಿಯ ಬೇಸಿಗೆಯೇ ಇದಕ್ಕಿಂತ ದೊಡ್ಡ ಸಮಸ್ಯೆ. ಅಲ್ಲಿ ಮನೆಯ ಅತ್ಯಂತ ತಂಪಾದ ಒಳಕೋಣೆಯಲ್ಲಿ, ನೆಲಮಟ್ಟದಲ್ಲಿ ಪೆಟ್ಟಿಗೆ ಇಡಬೇಕು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಗಾಳಿಯಾಟ ಹೆಚ್ಚಿಸಿ, ಮಣ್ಣಿಗೆ ನೀರು ಹಾಕುವುದನ್ನು ನಿಲ್ಲಿಸಬೇಕು.

ನಮ್ಮ ಮನೆಗಳಲ್ಲಿ ಟರಾಂಟುಲಾಗಳನ್ನು ಕೊಲ್ಲುವುದು ಹೆಚ್ಚಾಗಿ ಎರಡು ವಸ್ತುಗಳು, ಅವುಗಳ ಬಗ್ಗೆ ವಿದೇಶಿ ಮಾರ್ಗದರ್ಶಿಗಳಲ್ಲಿ ಅಷ್ಟಾಗಿ ಬರೆದಿರುವುದಿಲ್ಲ. ಒಂದು, ಸೊಳ್ಳೆ ಬತ್ತಿ, ಸೊಳ್ಳೆ ದ್ರವ, ಜಿರಲೆ ಸ್ಪ್ರೇ, ಜಿರಲೆ ಸೀಮೆಸುಣ್ಣ. ಇವುಗಳಲ್ಲಿರುವ ಪೈರೆಥ್ರಾಯ್ಡ್ ಬಗೆಯ ರಾಸಾಯನಿಕಗಳು ಕೀಟಗಳಂತೆಯೇ ಜೇಡಗಳ ನರಗಳನ್ನೂ ಕೆಡಿಸುತ್ತವೆ. ಜೇಡವಿರುವ ಕೋಣೆಯಲ್ಲಿ ಇವಕ್ಕೆ ಪ್ರವೇಶವಿಲ್ಲ, ಸೊಳ್ಳೆಪರದೆಯೇ ಗತಿ. ನಾಯಿಗೆ ಉಣ್ಣಿ ಔಷಧ ಹಚ್ಚಿದ ಕೈಯಿಂದಲೂ ಪೆಟ್ಟಿಗೆ ಮುಟ್ಟಬಾರದು. ಇನ್ನೊಂದು, ಇರುವೆ. ಪೊರೆ ಕಳಚಿ ಮೈ ಮೆತ್ತಗಾಗಿರುವ ಜೇಡವನ್ನು ಇರುವೆ ದಂಡು ಒಂದು ರಾತ್ರಿಯಲ್ಲಿ ತಿಂದು ಮುಗಿಸಬಲ್ಲದು. ಪೆಟ್ಟಿಗೆಯನ್ನು ಗೋಡೆಗೆ ತಾಗದ ಸಣ್ಣ ಮೇಜಿನ ಮೇಲಿಟ್ಟು, ಹಿಂದೆ ತಿಂಡಿ ಬೀರುವಿಗೆ ಮಾಡುತ್ತಿದ್ದ ಹಾಗೆ, ಮೇಜಿನ ನಾಲ್ಕೂ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇರಿಸಬೇಕು.

ಒಂದು ಸೆಂಟಿಮೀಟರ್‌ನಷ್ಟಿರುವ ಮರಿಗಳಿಗೆ ದೊಡ್ಡ ಪೆಟ್ಟಿಗೆ ಬೇಡ. 6 ಸೆಂಟಿಮೀಟರ್ ಅಗಲದ, ತೂತು ಮಾಡಿದ ಪಾರದರ್ಶಕ ಡಬ್ಬಿಯಲ್ಲಿ ಮೂರನೇ ಎರಡು ಭಾಗ ಮಣ್ಣು ತುಂಬಿ, ಒಂದು ಮೂಲೆಯನ್ನು ಸದಾ ಸ್ವಲ್ಪ ತೇವವಾಗಿಡಿ. ಮರಿಗಳ ಹೊರಕವಚ ತೆಳುವಾದ್ದರಿಂದ ಬೇಗ ಒಣಗುತ್ತವೆ.

ಆಹಾರ

ಕ್ರಿಕೆಟ್ ಹುಳ, ಡೂಬಿಯಾ ಜಿರಲೆ, ಮೀಲ್‌ವರ್ಮ್ ಹುಳ ಇವು ಸಾಕುಪ್ರಾಣಿಗಳ ಆಹಾರ ಮಾರುವವರಲ್ಲಿ ಸಿಗುತ್ತವೆ. ಅಡುಗೆಮನೆಯ ಜಿರಲೆ, ತೋಟದ ಮಿಡತೆ ಹಿಡಿದು ಹಾಕಬಾರದು. ಅವು ಎಲ್ಲಿ ಯಾವ ವಿಷ ತಿಂದಿವೆಯೋ ತಿಳಿಯದು. ಬೇಟೆಯ ಗಾತ್ರ ಜೇಡದ ಹೊಟ್ಟೆಗಿಂತ ದೊಡ್ಡದಿರಬಾರದು. ಮರಿಗೆ ವಾರಕ್ಕೆರಡು ಬಾರಿ, ಸಾಧಾರಣ ಬೆಳೆದದ್ದಕ್ಕೆ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ, ಪೂರ್ಣ ಬೆಳೆದದ್ದಕ್ಕೆ ಎರಡು ಮೂರು ವಾರಕ್ಕೊಮ್ಮೆ ಕೊಟ್ಟರೆ ಸಾಕು. ತೀರಾ ಚಿಕ್ಕ ಮರಿಗೆ ಹುಳವನ್ನು ಕೊಂದು, ಅದರ ಒಂದು ತುಂಡನ್ನು ಬಿಲದ ಬಾಯಿಯ ಬಳಿ ಇಟ್ಟರೆ ಬಂದು ತಿನ್ನುತ್ತದೆ. 24 ಗಂಟೆಯೊಳಗೆ ತಿನ್ನದ ಬೇಟೆಯನ್ನು ಉದ್ದನೆಯ ಚಿಮುಟದಿಂದ ಹೊರತೆಗೆಯಬೇಕು.

ಎಷ್ಟು ತಿನ್ನಿಸಬೇಕೆಂಬುದಕ್ಕೆ ಅಳತೆಗೋಲು ಜೇಡದ ಮೈಯಲ್ಲೇ ಇದೆ. ಹೊಟ್ಟೆಯ ಅಗಲ ತಲೆ-ಎದೆ ಭಾಗದ ಅಗಲಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಜೇಡ ಸುಸ್ಥಿತಿಯಲ್ಲಿದೆ. ಎರಡು ಪಟ್ಟು ಸಮೀಪಿಸಿದರೆ ಊಟ ನಿಲ್ಲಿಸಬೇಕು. ಸುಕ್ಕುಗಟ್ಟಿದ್ದರೆ ಮೊದಲು ನೀರು, ಆಮೇಲೆ ಆಹಾರ. ಹೆಚ್ಚು ಆಹಾರ ಮತ್ತು ಹೆಚ್ಚು ಬಿಸಿ ಕೊಟ್ಟರೆ ಜೇಡ ಬೇಗ ಬೇಗ ಪೊರೆ ಕಳಚಿ ಬೆಳೆಯುತ್ತದೆ ನಿಜ, ಆದರೆ ಗಂಡಾಗಿದ್ದರೆ ಅಷ್ಟೇ ಬೇಗ ಅದರ ಆಯಸ್ಸು ಮುಗಿಯುತ್ತದೆ. ಅವಸರದ ಬೆಳವಣಿಗೆಯಲ್ಲಿ ನನಗೆ ಯಾವ ಲಾಭವೂ ಕಾಣುವುದಿಲ್ಲ.

ಪೊರೆ ಕಳಚುವ ಮುನ್ಸೂಚನೆಗಳು

ಮರಿಗಳು ಒಂದೆರಡು ತಿಂಗಳಿಗೊಮ್ಮೆ, ಬೆಳೆದಂತೆ ನಾಲ್ಕಾರು ತಿಂಗಳಿಗೊಮ್ಮೆ, ಪೂರ್ಣ ಬೆಳೆದ ಹೆಣ್ಣುಗಳು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಪೊರೆ ಕಳಚುತ್ತವೆ. ಹಳೆಯ ಕವಚದ ಒಳಗೆ ಹೊಸ ಕವಚ ರೋಮಗಳ ಸಮೇತ ಸಿದ್ಧವಾಗುತ್ತದೆ; ಎರಡರ ನಡುವೆ ದ್ರವ ತುಂಬಿ, ಹಳೆಯದರ ಒಳಪದರವನ್ನು ಕರಗಿಸಿ ಬಿಡಿಸುತ್ತದೆ. ಈ ತಯಾರಿ ದೊಡ್ಡ ಜೇಡದಲ್ಲಿ ಒಂದೆರಡು ತಿಂಗಳು ಹಿಡಿಯಬಹುದು.

ತುರಿಕೆ ರೋಮ ಉದುರಿಸಿಕೊಂಡ ಜೇಡದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಹೊಟ್ಟೆಯ ಹಿಂಭಾಗದ ಬೋಳು ಜಾಗ ಸಾಮಾನ್ಯ ದಿನಗಳಲ್ಲಿ ತಿಳಿಗಂದು ಅಥವಾ ನಸುಗೆಂಪಾಗಿರುತ್ತದೆ. ಪೊರೆ ಹತ್ತಿರವಾದಂತೆ ಅದು ಬೂದಾಗಿ, ಕಡೆಗೆ ಮಸಿಯಂತೆ ಕಪ್ಪಾಗಿ ಹೊಳೆಯುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ, ಹಳೆಯ ಚರ್ಮದ ಅಡಿಯಲ್ಲಿ ಹೊಸ ರೋಮಗಳು ಒಂದೇ ದಿಕ್ಕಿಗೆ ಬಾಚಿದಂತೆ ಮಲಗಿರುವುದು ಕಾಣುತ್ತದೆ. ಆ ಕಪ್ಪು ಬಣ್ಣ ಅವುಗಳದ್ದೇ. ರೋಮ ಉದುರಿಸದ ಜೇಡದಲ್ಲಿ ಈ ಗುರುತು ಸಿಗುವುದಿಲ್ಲ. ಆಗ ಮೈಬಣ್ಣ ಮಂಕಾಗುವುದು, ಹೊಟ್ಟೆ ಬಿಗಿದು ದುಂಡಗಾಗುವುದು, ಬೇಟೆಯನ್ನು ಕಂಡು ಹಿಂದೆ ಸರಿಯುವುದು, ಬಿಲ ಮುಚ್ಚಿಕೊಳ್ಳುವುದು ಇವನ್ನು ಒಟ್ಟಾಗಿ ಗಮನಿಸಬೇಕು. ಇವುಗಳಲ್ಲಿ ಒಂದನ್ನೇ ನಂಬಿ ತೀರ್ಮಾನಕ್ಕೆ ಬರಬಾರದು, ಏಕೆಂದರೆ ಚಿಲಿಯ ಜಾತಿಗಳು ಯಾವ ಕಾರಣವೂ ಕಾಣದೆ ತಿಂಗಳುಗಟ್ಟಲೆ ಉಪವಾಸವಿರುವುದುಂಟು.

ಈ ಹಂತದಲ್ಲಿ ಮಾಡಬೇಕಾದ ಕೆಲಸ ಸ್ವಲ್ಪವೇ. ಜೀವಂತ ಬೇಟೆ ಹಾಕುವುದನ್ನು ಪೂರ್ತಿ ನಿಲ್ಲಿಸಿ, ಹಾಕಿದ್ದರೆ ಹುಡುಕಿ ತೆಗೆಯಿರಿ. ಅಲುಗಾಡಲಾಗದ ಜೇಡವನ್ನು ಒಂದು ಸಣ್ಣ ಕ್ರಿಕೆಟ್ ಹುಳವೂ ಕಡಿದು ಗಾಯಗೊಳಿಸಬಲ್ಲದು. ನೀರಿನ ತಟ್ಟೆ ತುಂಬಿ, ಅದರ ಸುತ್ತಲಿನ ಮಣ್ಣಿಗೆ ಸ್ವಲ್ಪ ನೀರು ಉಕ್ಕಿ ಹರಿಯುವಂತೆ ಬಿಡಿ. ಜೇಡದ ಮೇಲೆ ನೀರು ಚಿಮುಕಿಸಬೇಡಿ. ಸುಲಭವಾಗಿ ಕಳಚಲು ಬೇಕಾದ ತೇವ ಹೊರಗಿನ ಗಾಳಿಗಿಂತ ಹೆಚ್ಚಾಗಿ ಅದು ಮೊದಲೇ ಕುಡಿದ ನೀರಿನಿಂದ ಬರುತ್ತದೆ. ಮುಚ್ಚಿಕೊಂಡ ಬಿಲವನ್ನು ಕೆದಕಿ ನೋಡುವ ಆಸೆಯನ್ನು ತಡೆದುಕೊಳ್ಳಲೇಬೇಕು.

ಪೊರೆ ಕಳಚುವ ಹೊತ್ತು

ಕಳಚುವ ಮೊದಲು ಜೇಡ ನೆಲದ ಮೇಲೆ ರೇಷ್ಮೆಯ ದಟ್ಟ ಚಾಪೆ ನೇಯುತ್ತದೆ. ನಂತರ ಅದರ ಮೇಲೆ ನಿಧಾನವಾಗಿ ಮಗುಚಿ ಅಂಗಾತ ಮಲಗುತ್ತದೆ. ಹೊಸಬರು ಸತ್ತಿತೆಂದು ತಿಳಿದು ತಿರುಗಿಸಿ ನಿಲ್ಲಿಸುವುದು ಈ ಘಳಿಗೆಯಲ್ಲೇ, ಆ ಒಂದು ಕ್ರಿಯೆಯಿಂದ ಜೇಡ ಸಾಯಬಹುದು. ಸಾಯುತ್ತಿರುವ ಟರಾಂಟುಲಾ ಸಾಮಾನ್ಯವಾಗಿ ಅಂಗಾತ ಬೀಳುವುದಿಲ್ಲ; ನೆಟ್ಟಗೆ ಕುಳಿತಲ್ಲೇ ಕಾಲುಗಳು ಮೈಯಡಿಗೆ ಮುದುರಿಕೊಳ್ಳುತ್ತವೆ. ಇದಕ್ಕೆ ಕಾರಣ ಸರಳ. ಜೇಡದ ಕಾಲಿನ ಮುಖ್ಯ ಕೀಲುಗಳಲ್ಲಿ ಮಡಿಸುವ ಸ್ನಾಯುಗಳಿವೆ, ಚಾಚುವ ಸ್ನಾಯುಗಳಿಲ್ಲ. ಚಾಚುವ ಕೆಲಸ ಮೈದ್ರವದ ಒತ್ತಡದ್ದು. ನೀರು ಕಡಿಮೆಯಾಗಿ ಅಥವಾ ಹೃದಯ ಸೋತು ಒತ್ತಡ ಇಳಿದರೆ ಕಾಲುಗಳು ತಾವಾಗಿ ಮುದುರುತ್ತವೆ. ಹಾಗೆ ಮುದುರಿದ್ದು ಕಂಡರೆ, ಅಲ್ಪ ನೀರಿರುವ ತಟ್ಟೆಯ ಅಂಚಿಗೆ ಅದರ ಬಾಯಿಭಾಗ ತಾಗುವಂತೆ ಇಟ್ಟು ಕುಡಿಯಲು ಅವಕಾಶ ಕೊಡಬೇಕು. ಉಸಿರಾಟದ ರಂಧ್ರಗಳು ಹೊಟ್ಟೆಯ ಅಡಿಯಲ್ಲಿರುವುದರಿಂದ ಹೊಟ್ಟೆ ಮುಳುಗದಂತೆ ನೋಡಿಕೊಳ್ಳಬೇಕು.

ಅಂಗಾತ ಮಲಗಿದ ಜೇಡ ಹೃದಯದ ಬಡಿತ ಹೆಚ್ಚಿಸಿ, ಹೊಟ್ಟೆಯಲ್ಲಿನ ದ್ರವವನ್ನು ಮುಂಭಾಗಕ್ಕೆ ತಳ್ಳುತ್ತದೆ. ಆ ಒತ್ತಡಕ್ಕೆ ತಲೆ-ಎದೆ ಭಾಗದ ಮೇಲ್ಚಿಪ್ಪು ಮುಂದಿನ ಅಂಚಿನಲ್ಲಿ ಬಿರಿದು ಮುಚ್ಚಳದಂತೆ ತೆರೆದುಕೊಳ್ಳುತ್ತದೆ, ಹೊಟ್ಟೆಯ ಪಕ್ಕದ ಚರ್ಮ ಹರಿಯುತ್ತದೆ. ಬಳಿಕ ಎಲ್ಲ ಕಾಲುಗಳನ್ನೂ ಒಟ್ಟಿಗೆ, ಒಂದು ತಾಳಕ್ಕೆ ಬಿದ್ದಂತೆ, ಹಳೆಯ ಕವಚದಿಂದ ಎಳೆದುಕೊಳ್ಳುತ್ತದೆ. ಕಾಲಿನ ಜೊತೆಗೆ ಕೋರೆಹಲ್ಲು, ಬಾಯಿಯ ಒಳಪದರ, ಹೀರುವ ಜಠರದ ಒಳಪದರ, ಪುಸ್ತಕದ ಹಾಳೆಗಳಂತಿರುವ ಶ್ವಾಸಕೋಶದ ಒಳಪದರ ಕೂಡ ಕಳಚಿಬರುತ್ತವೆ. ಮರಿಗಳಲ್ಲಿ ಇದು ಅರ್ಧ ಗಂಟೆಯೊಳಗೆ ಮುಗಿದರೆ, ದೊಡ್ಡ ಹೆಣ್ಣುಗಳಲ್ಲಿ ಹಲವು ಗಂಟೆ, ಕೆಲವೊಮ್ಮೆ ಅರ್ಧ ದಿನ ಹಿಡಿಯುತ್ತದೆ. ಕೆಲವು ಜೇಡಗಳು ಮಗ್ಗುಲಾಗಿಯೂ ಕಳಚುತ್ತವೆ. ಈ ಹೊತ್ತಿನಲ್ಲಿ ಪೆಟ್ಟಿಗೆ ಮುಟ್ಟುವುದು, ಜಾಗ ಬದಲಿಸುವುದು, ಊದುವುದು ಯಾವುದೂ ಬೇಡ. ದೂರದಿಂದ ನೋಡಬಹುದು.

ಕಳಚಿದ ನಂತರದ ದಿನಗಳು

ಹೊರಬಂದ ಜೇಡ ಬಣ್ಣ ತುಂಬಿಕೊಂಡು ಹೊಳೆಯುತ್ತಿರುತ್ತದೆ, ಆದರೆ ಅದರ ಮೈ ಮೆತ್ತಗೆ. ಕಾಲುಗಳನ್ನು ವಿಚಿತ್ರ ಭಂಗಿಗಳಲ್ಲಿ ಚಾಚುತ್ತಾ ಮಡಿಸುತ್ತಾ ಇರುವುದು ಕೀಲುಗಳು ಬಿಗಿಯದಂತೆ ಮಾಡುವ ಕಸರತ್ತು. ಹಲ್ಲಿನ ಬಣ್ಣ ನೋಡಿ ದಿನ ಲೆಕ್ಕ ಹಾಕುವುದು ಅತ್ಯಂತ ವಿಶ್ವಾಸಾರ್ಹ ವಿಧಾನ: ಕಳಚಿದ ತಕ್ಷಣ ಕೋರೆಹಲ್ಲು ಹಾಲಿನ ಬಿಳುಪು, ಕೆಲವು ದಿನಗಳಲ್ಲಿ ಕೆಂಪು, ಆಮೇಲೆ ತುದಿಯಿಂದ ಬುಡದವರೆಗೆ ಕಪ್ಪು. ಪೂರ್ತಿ ಕಪ್ಪಾಗುವ ತನಕ ಆಹಾರ ಕೊಡಬಾರದು, ಮೆತ್ತನೆಯ ಹಲ್ಲು ಬೇಟೆಯನ್ನು ಚುಚ್ಚುವಾಗ ಮುರಿದುಹೋಗಬಹುದು. ಮರಿಗೆ ನಾಲ್ಕೈದು ದಿನ, ನಡುವಯಸ್ಸಿನದ್ದಕ್ಕೆ ವಾರದಿಂದ ಹತ್ತು ದಿನ, ದೊಡ್ಡದಕ್ಕೆ ಎರಡರಿಂದ ಮೂರು ವಾರ ಕಾಯುವುದು ವಾಡಿಕೆ. ಮೊದಲ ಊಟ ಚಿಕ್ಕದಿರಲಿ. ನೀರು ಮಾತ್ರ ಮೊದಲ ದಿನದಿಂದಲೇ ಬೇಕು.

ಇನ್ನು ತೊಡಕುಗಳು. ಒಂದು ಕಾಲು ಹಳೆಯ ಕವಚದಲ್ಲಿ ಸಿಕ್ಕಿಕೊಂಡರೆ ಕೂಡಲೇ ಎಳೆಯಲು ಹೋಗದೆ, ಜೇಡ ಚಲನೆ ನಿಲ್ಲಿಸಿ ಗಂಟೆಗಳಾಗುವ ತನಕ ಕಾಯಬೇಕು. ಆಮೇಲೂ ಬಿಡದಿದ್ದರೆ ಮೃದು ಕುಂಚದಿಂದ ಸಿಕ್ಕಿಕೊಂಡ ಜಾಗಕ್ಕೆ ಮಾತ್ರ ಉಗುರುಬೆಚ್ಚಗಿನ ನೀರನ್ನೋ ಗ್ಲಿಸರಿನ್ ಬೆರೆಸಿದ ನೀರನ್ನೋ ಹಚ್ಚಿ ಮತ್ತೆ ಕಾಯಬೇಕು. ಕೊನೆಗೆ ಕಾಲು ಕಳೆದುಹೋದರೂ ಧೃತಿಗೆಡಬೇಕಿಲ್ಲ. ಬುಡದ ಕೀಲಿನಲ್ಲಿ ಕಾಲು ಬಿಟ್ಟುಕೊಡುವ ಸಾಮರ್ಥ್ಯ ಜೇಡಕ್ಕಿದೆ, ಮುಂದಿನ ಪೊರೆಗೆ ತೆಳುವಾದ ಸಣ್ಣ ಕಾಲು ಹುಟ್ಟಿ, ಅದರ ಮುಂದಿನ ಒಂದೆರಡು ಪೊರೆಗಳಲ್ಲಿ ಉಳಿದವುಗಳ ಸಮಕ್ಕೆ ಬರುತ್ತದೆ. ಇದಕ್ಕಿಂತ ಗಂಭೀರವಾದದ್ದು ಹೀರುವ ಜಠರದ ಒಳಪದರ ಕಳಚದೆ ಉಳಿಯುವುದು. ಹಲ್ಲು ಕಪ್ಪಾಗಿ ವಾರಗಳಾದರೂ ಬೇಟೆಯನ್ನು ಹಿಡಿದು, ಜಗಿದು, ಹೀರಲಾಗದೆ ಬಿಟ್ಟುಬಿಡುತ್ತಿದ್ದರೆ ಈ ಅನುಮಾನ ಬರಬೇಕು. ಮುಂದಿನ ಪೊರೆಯ ತನಕ ನೀರು ಕೊಟ್ಟು ಕಾಯುವುದನ್ನು ಬಿಟ್ಟರೆ ಮನೆಯಲ್ಲಿ ಮಾಡಬಹುದಾದದ್ದು ಹೆಚ್ಚೇನಿಲ್ಲ.

ಪ್ರತಿ ಬಾರಿಯೂ ಕಳಚಿದ ದಿನಾಂಕ, ಕೊನೆಯ ಊಟದ ದಿನಾಂಕ, ಕವಚದ ಅಳತೆ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂರು ನಾಲ್ಕು ಪೊರೆಗಳಾದ ಮೇಲೆ ಮುಂದಿನದು ಯಾವಾಗ ಎಂಬ ಅಂದಾಜು ಆ ಪುಸ್ತಕದಿಂದಲೇ ಸಿಗುತ್ತದೆ.

ಕಳಚಿದ ಪೊರೆಯಿಂದ ಹೆಣ್ಣು-ಗಂಡು ಗುರುತಿಸುವುದು

ಬಿಟ್ಟ ಪೊರೆಯನ್ನು ಎಸೆಯಬೇಡಿ. ಜೇಡ ದೂರ ಸರಿದ ಮೇಲೆ ಚಿಮುಟದಿಂದ ತೆಗೆದು, ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ನೆನೆಸಿ. ತುರಿಕೆ ರೋಮ ಇದರಲ್ಲೂ ಇರುತ್ತದೆ, ಹಾಗಾಗಿ ಕೈಗವಸು ಬೇಕು, ಮುಖ ಹತ್ತಿರ ತರಬಾರದು. ಹತ್ತಿಪ್ಪತ್ತು ನಿಮಿಷದಲ್ಲಿ ಮುದುಡಿದ ಹೊಟ್ಟೆಯ ಚರ್ಮ ಮೆತ್ತಗಾಗುತ್ತದೆ. ಎರಡು ಕುಂಚಗಳಿಂದ ಅದನ್ನು ಮೆಲ್ಲಗೆ ಬಿಡಿಸಿ, ಒಳಮೈ ಮೇಲೆ ಬರುವಂತೆ ಹರಡಿ. ನಾಲ್ಕು ಬಿಳಿ ತೇಪೆಗಳು ಕಾಣುತ್ತವೆ. ಅವು ಶ್ವಾಸಕೋಶಗಳ ಪದರಗಳು. ಸೊಂಟದ ಕಡೆಗಿರುವ ಮೇಲಿನ ಜೋಡಿಯ ಮಧ್ಯೆ ಅಡ್ಡವಾಗಿ ಒಂದು ಗೆರೆಯಿದೆ. ಹೆಣ್ಣಾದರೆ ಆ ಗೆರೆಯ ಬಳಿ, ಚರ್ಮದಿಂದ ಬೇರೆಯಾಗಿ ಮೇಲೇಳುವ ಪುಟ್ಟ ಮಡಿಕೆಯೊಂದು ಸಿಗುತ್ತದೆ. ಕುಂಚದ ಒಂದು ಕೂದಲಿನಿಂದ ಎತ್ತಿದರೆ ಅದು ಎದ್ದು ನಿಲ್ಲುತ್ತದೆ. ವೀರ್ಯ ಸಂಗ್ರಹಿಸುವ ಕೋಶ ಇದೇ. ಇದರ ಆಕಾರ ಜಾತಿಯಿಂದ ಜಾತಿಗೆ ಬೇರೆ. ಗಂಡಿನಲ್ಲಿ ಅಲ್ಲಿ ಅಂಥ ಮಡಿಕೆಯಿಲ್ಲ, ಆದರೆ ಕೆಲವು ಗಂಡುಗಳಲ್ಲಿರುವ ಸಹಾಯಕ ಅಂಗದ ಸಣ್ಣ ಉಬ್ಬುಗಳನ್ನು ಕಂಡು ಹೆಣ್ಣೆಂದು ಭ್ರಮಿಸುವುದುಂಟು.

ಸುಮಾರು 4 ಸೆಂಟಿಮೀಟರ್ ದಾಟಿದ ಜೇಡದ ಪೊರೆಯಲ್ಲಿ ಭೂತಗನ್ನಡಿಯಿಂದ ಇದು ತಿಳಿಯತೊಡಗುತ್ತದೆ. ಅದಕ್ಕಿಂತ ಚಿಕ್ಕದಾದರೆ ಸೂಕ್ಷ್ಮದರ್ಶಕ ಬೇಕು. ಜೀವಂತ ಜೇಡದ ಹೊಟ್ಟೆಯಡಿಯನ್ನು ಗಾಜಿನ ಮೂಲಕ ನೋಡಿ, ಅಡ್ಡಗೆರೆಯ ಮೇಲೆ ಕಪ್ಪು ಅರ್ಧಚಂದ್ರದಂತಹ ರೋಮದ ಗುಚ್ಛವಿದ್ದರೆ ಗಂಡೆಂದು ಹೇಳುವ ಪದ್ಧತಿಯೂ ಇದೆ, ಆದರೆ ಅದನ್ನು ಅಂದಾಜು ಎಂದಷ್ಟೇ ತಿಳಿಯಬೇಕು.

ಗಂಡಿನ ಕೊನೆಯ ಪೊರೆ

ಗಂಡು ತನ್ನ ಕೊನೆಯ ಪೊರೆಯವರೆಗೆ ಹೊರನೋಟಕ್ಕೆ ಹೆಣ್ಣಿನಂತೆಯೇ ಇರುತ್ತದೆ. ಕೆಂಪು ಮೊಣಕಾಲಿನ ಜಾತಿಯಲ್ಲಿ ಆಹಾರ, ಉಷ್ಣತೆಗೆ ತಕ್ಕಂತೆ ಸಾಮಾನ್ಯವಾಗಿ 4ರಿಂದ 7 ವರ್ಷದ ನಡುವೆ ಅದು ಪ್ರೌಢವಾಗುತ್ತದೆ. ಆ ಪೊರೆಯಿಂದ ಹೊರಬಂದದ್ದು ಬೇರೆಯದೇ ಜೇಡವೆನ್ನಿಸುವಷ್ಟು ಬದಲಾಗಿರುತ್ತದೆ: ಕಾಲುಗಳು ನೀಳ, ಹೊಟ್ಟೆ ಸಣ್ಣ. ಬಾಯಿಯ ಪಕ್ಕದ ಎರಡು ಸ್ಪರ್ಶಪಾದಗಳ ತುದಿ ಉಬ್ಬಿರುತ್ತದೆ, ಅದರಡಿ ಮಡಿಸಿಟ್ಟ ಸಣ್ಣ ಮೊನಚಾದ ಬುಡ್ಡಿಯಂಥ ಅಂಗವಿರುತ್ತದೆ. ಮುಂಗಾಲುಗಳ ಒಳಬದಿಯಲ್ಲಿ ಕೊಕ್ಕೆಗಳು ಮೂಡಿರುತ್ತವೆ. ಕೂಡುವಾಗ ಹೆಣ್ಣಿನ ಕೋರೆಹಲ್ಲುಗಳನ್ನು ತಡೆಹಿಡಿಯುವುದು ಇವುಗಳ ಕೆಲಸ. ಎಲ್ಲ ಜಾತಿಯ ಗಂಡುಗಳಿಗೂ ಕೊಕ್ಕೆ ಇರುವುದಿಲ್ಲ. ಪೊಯಿಸಿಲೊಥೇರಿಯಾದಲ್ಲಿ ಇಲ್ಲ. ಆದ್ದರಿಂದ ಸ್ಪರ್ಶಪಾದದ ತುದಿಯೇ ಖಚಿತ ಗುರುತು.

ಕೆಲವು ವಾರಗಳ ನಂತರ ಅದು ಸಣ್ಣ ಬಲೆಯೊಂದನ್ನು ನೇಯ್ದು, ಅದರ ಮೇಲೆ ವೀರ್ಯದ ಹನಿಯಿಟ್ಟು, ಸ್ಪರ್ಶಪಾದದ ಬುಡ್ಡಿಗಳಿಗೆ ತುಂಬಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಬಿಲದಲ್ಲಿ ನಿಲ್ಲದೆ, ಊಟ ಬಿಟ್ಟು, ರಾತ್ರಿಯೆಲ್ಲ ಪೆಟ್ಟಿಗೆಯ ಗೋಡೆ ಹತ್ತಿ ಇಳಿಯುತ್ತದೆ. ಹೆಣ್ಣನ್ನು ಅರಸುವ ಈ ಅಲೆದಾಟಕ್ಕೆ ಚಿಕಿತ್ಸೆ ಬೇಕಿಲ್ಲ. ಪೆಟ್ಟಿಗೆಯ ಎತ್ತರ ಮತ್ತಷ್ಟು ತಗ್ಗಿಸಿ, ಮುಚ್ಚಳಕ್ಕೆ ಬೀಗ ಹಾಕಿ, ನೀರು ಸದಾ ಇಟ್ಟು, ತಿಂದರೆ ಸಣ್ಣ ಬೇಟೆ ಕೊಡಬೇಕು. ಪ್ರೌಢವಾದ ಗಂಡು ಮತ್ತೆ ಪೊರೆ ಕಳಚುವುದು ಅಪರೂಪ, ಕಳಚಲು ಹೋದರೆ ಸ್ಪರ್ಶಪಾದಗಳು ಸಿಕ್ಕಿಕೊಂಡು ಬಹುತೇಕ ಸಾಯುತ್ತದೆ. ತಿಂಗಳುಗಳು ಕಳೆದಂತೆ ನಡಿಗೆ ತಡವರಿಸಿ, ಹೊಟ್ಟೆ ಕುಗ್ಗುವುದು ಮುಪ್ಪಿನ ಲಕ್ಷಣ. ಅದಕ್ಕೆ ಸಾಕುವವರ ಆರೈಕೆ ಕಾರಣವಲ್ಲ.

ಹೆಣ್ಣಿನ ಪ್ರೌಢಾವಸ್ಥೆ

ಹೆಣ್ಣಿಗೆ ಕೊನೆಯ ಪೊರೆ ಎಂಬುದಿಲ್ಲ, ಪ್ರೌಢವಾದ ಮೇಲೂ ಜೀವಮಾನವಿಡೀ ಕಳಚುತ್ತಲೇ ಇರುತ್ತದೆ. ಹೊರಗೆ ಯಾವ ಗುರುತೂ ಮೂಡುವುದಿಲ್ಲ. ಕಳಚಿದ ಪೊರೆಯಲ್ಲಿ ವೀರ್ಯಕೋಶ ಅಗಲವಾಗಿ, ದಪ್ಪವಾಗಿ, ಕಂದು ಬಣ್ಣಕ್ಕೆ ತಿರುಗಿದ್ದರೆ ಪ್ರೌಢವೆಂದು ತಿಳಿಯಬಹುದು. ಈ ಕೋಶದ ಒಳಪದರವೂ ಪೊರೆಯ ಜೊತೆಗೇ ಕಳಚಿಹೋಗುವುದರಿಂದ, ಕೂಡಿದ ನಂತರ ಮೊಟ್ಟೆಯಿಡುವ ಮೊದಲೇ ಹೆಣ್ಣು ಪೊರೆ ಕಳಚಿದರೆ ಸಂಗ್ರಹಿಸಿದ ವೀರ್ಯವೆಲ್ಲ ಹೊರಬೀಳುತ್ತದೆ. ಗಂಡನ್ನು ಬಿಡುವುದಾದರೆ ಹೆಣ್ಣು ಪೊರೆ ಕಳಚಿ, ಚೆನ್ನಾಗಿ ತಿಂದು ಹೊಟ್ಟೆ ತುಂಬಿಕೊಂಡ ಮೇಲೆ, ಮುಂದಿನ ಪೊರೆಗೆ ಇನ್ನೂ ಬಹಳ ತಿಂಗಳಿರುವಾಗ ಬಿಡಬೇಕೆನ್ನುವುದು ಇದೇ ಕಾರಣಕ್ಕೆ.

ಆದರೆ ಒಂದು ಮೊಟ್ಟೆಚೀಲದಿಂದ ನೂರಾರು ಮರಿಗಳು ಬರುತ್ತವೆ. ಒಂದೊಂದಕ್ಕೂ ಬೇರೆ ಡಬ್ಬಿ, ಬೇರೆ ಊಟ, ಕಾನೂನಿನ ಪ್ರಕಾರ ಲೆಕ್ಕ ಬೇಕು. ಇಷ್ಟಕ್ಕೂ ಸಿದ್ಧತೆಯಿಲ್ಲದೆ ಜೋಡಿ ಮಾಡಬಾರದು.

ಮುಟ್ಟುವುದು, ಗಾಯ, ತುರಿಕೆ

ಟರಾಂಟುಲಾವನ್ನು ಕೈಮೇಲೆ ಬಿಟ್ಟುಕೊಳ್ಳುವುದರಿಂದ ಅದಕ್ಕೆ ಸಿಗುವುದು ಬೀಳುವ ಅಪಾಯ ಮಾತ್ರ. ಜಾಗ ಬದಲಿಸಬೇಕಾದಾಗ ಪಾರದರ್ಶಕ ಲೋಟವನ್ನು ಅದರ ಮೇಲೆ ಬೋರಲು ಹಾಕಿ, ಅಡಿಗೆ ರಟ್ಟು ಸರಿಸಿ ಎತ್ತಬೇಕು; ಮುಂದೆ ಹೋಗಲು ಹಿಂಗಾಲನ್ನು ಉದ್ದ ಕುಂಚದಿಂದ ಮೆಲ್ಲಗೆ ಸೋಕಿಸಿದರೆ ಸಾಕು. ಪೊರೆಯ ಮೊದಲೂ ನಂತರವೂ ಈ ಕೆಲಸ ಮುಂದೂಡಬೇಕು.

ಬಿದ್ದು ಹೊಟ್ಟೆ ಸೀಳಿ ತಿಳಿನೀಲಿ ದ್ರವ ಒಸರುತ್ತಿದ್ದರೆ, ಗಾಯಕ್ಕೆ ಜೋಳದ ಪಿಷ್ಟದ ಪುಡಿಯನ್ನು, ಅಂದರೆ ಅಡುಗೆಯ ಕಾರ್ನ್‌ಫ್ಲೋರನ್ನು, ಕುಂಚದಿಂದ ಒತ್ತಿ ಸೋರಿಕೆ ನಿಲ್ಲಿಸಲು ಯತ್ನಿಸಬೇಕು. ದೊಡ್ಡ ಸೀಳಾದರೆ ಉಳಿಯುವುದು ಕಷ್ಟ. ಉಳಿದರೆ ಗಾಯದ ಗುರುತು ಮುಂದಿನ ಪೊರೆಯೊಂದಿಗೆ ಹೋಗುತ್ತದೆ.

ತುರಿಕೆ ರೋಮ ಚರ್ಮಕ್ಕೆ ತಾಗಿದರೆ ಉಜ್ಜದೆ, ಅಂಟುಟೇಪು ಒತ್ತಿ ಎಳೆದು ರೋಮ ತೆಗೆದು ತೊಳೆಯಿರಿ. ಕಣ್ಣಿಗೆ ಬಿದ್ದರೆ ಯಾವ ಮನೆಮದ್ದೂ ಬೇಡ. ಈ ರೋಮಗಳು ಕಣ್ಣಿನ ಪಾರದರ್ಶಕ ಪಟಲಕ್ಕೆ ಚುಚ್ಚಿ ಒಳಸೇರಬಲ್ಲವು, ಆದ್ದರಿಂದ ಅದೇ ದಿನ ನೇತ್ರತಜ್ಞರ ಬಳಿ ಹೋಗಿ ಟರಾಂಟುಲಾದ ರೋಮವೆಂದು ಸ್ಪಷ್ಟವಾಗಿ ಹೇಳಿ. ಕಚ್ಚಿದರೆ ಸೋಪು ನೀರಿನಿಂದ ತೊಳೆದು, ಉಸಿರಾಟದ ತೊಂದರೆ, ಮೈಯೆಲ್ಲ ಸೆಳೆತ ಅಥವಾ ಎದೆನೋವು ಕಂಡರೆ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಮಕ್ಕಳಿದ್ದರೆ ಪೆಟ್ಟಿಗೆಯ ಬೀಗದ ಕೈ ದೊಡ್ಡವರ ಬಳಿಯೇ ಇರಲಿ, ಪೆಟ್ಟಿಗೆಯ ಮೇಲೆ ಜಾತಿಯ ಹೆಸರನ್ನೂ ಕೊನೆಯ ಪೊರೆಯ ದಿನಾಂಕವನ್ನೂ ಬರೆದು ಅಂಟಿಸಿ. ನೀವು ಊರಲ್ಲಿ ಇಲ್ಲದಾಗ ನೋಡಿಕೊಳ್ಳುವವರಿಗೆ ಊಟ ಹಾಕಬೇಕೋ ಬೇಡವೋ ಎಂಬುದು ಆ ಚೀಟಿಯಿಂದಲೇ ತಿಳಿಯುತ್ತದೆ.